ತವರು ದೂರವಾದ ಸೊಸೆಯರು

ಆಳಂದದ ಮಗಳನ್ನು ಜೇವರ್ಗಿಗೆ ಕೊಟ್ಟರೆ ನಡುವೆ ಭೀಮಾನದಿ ಅಡ್ಡ ಬರುತ್ತದೆ. ಅಫಜಲಪುರದ ಹೊಳೆದಂಡೆಯ ಹಳ್ಳಿಗಳಲ್ಲಂತೂ ಈ ದಡದ ಮಗಳು ಆ ದಡದ ಸೊಸೆಯಾಗುವುದು ಹೊಸ ಸಂಗತಿಯಲ್ಲ. ಹೊಳೆ ದಾಟಿದ ಮಾತ್ರಕ್ಕೆ ಅವಳಿಗೆ ತವರು ತಪ್ಪುವುದಿಲ್ಲ. ನಾಗರಪಂಚಮಿ ಸಮೀಪಿಸಿತೆಂದರೆ ಕರೆದೊಯ್ಯಲು ಅಣ್ಣ ಬರುತ್ತಾನೆ. ಚೊಚ್ಚಲ ಹೆರಿಗೆಗೆ ತಾಯಿಯ ಮನೆಯಿದೆ. ಮನಸ್ಸಿಗೆ ನೋವಾದಾಗ ಹೇಳಿಕೊಳ್ಳುವುದಕ್ಕೆ ಒಂದು ದಿನದ ಹಾದಿಯಲ್ಲಿ ತನ್ನವರೆಂಬುವರು ಇದ್ದಾರೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಕನ್ನಡ ನಾಡಿಗೆ ಕಡಲು ದಾಟಿ ಬಂದ ಕೆಲವು ಸೊಸೆಯರಿಗೆ ಇದೊಂದೂ ಇರಲಿಲ್ಲ. ಅವರ ಗಂಡಂದಿರ ಹೆಸರುಗಳನ್ನು ಶಾಲೆಯ ಹುಡುಗರೂ ಬಲ್ಲರು. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಹೆರ್ಮನ್ ಮೋಗ್ಲಿಂಗ್, 1894ರಲ್ಲಿ ಸುಮಾರು 70,000 ಶಬ್ದಗಳ ಕೋಶವನ್ನು ಅಚ್ಚಿಗೆ ತಂದ ಫರ್ಡಿನಾಂಡ್ ಕಿಟ್ಟೆಲ್ — ಇವರ ಸಾಹಸಗಳನ್ನು ಕುರಿತು ಭಾಷಣಗಳಾಗಿವೆ, ಗ್ರಂಥಗಳಾಗಿವೆ, ಬೆಂಗಳೂರಿನಲ್ಲಿ ಕಿಟ್ಟೆಲರ ಪ್ರತಿಮೆಯೂ ನಿಂತಿದೆ. ಆದರೆ ಆ ವಿದ್ವಾಂಸರ ಮನೆಗಳಲ್ಲಿ ಸಂಜೆಯ ದೀಪ ಹಚ್ಚಿದವರು ಯಾರು? ಈ ಪ್ರಶ್ನೆಯನ್ನು ಕೇಳಿದವರು ವಿರಳ.

ಬಾಸೆಲ್ ಮಿಶನ್ನಿನ ಪಾದ್ರಿಗಳು 1834ರಲ್ಲಿ ಮಂಗಳೂರಿಗೆ ಬಂದಿಳಿದರು. ಮುಂದೆ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲಿಯೂ ಅವರ ನೆಲೆಗಳು ಎದ್ದವು. ತರುಣರನ್ನು ಅವಿವಾಹಿತರಾಗಿಯೇ ಕಳುಹಿಸುವುದು ಆ ಸಂಸ್ಥೆಯ ನಿಯಮ. ಒಂದೆರಡು ವರ್ಷ ದುಡಿದು, ಭಾಷೆ ಕಲಿತು, ಯೋಗ್ಯತೆ ತೋರಿಸಿದವನು ಮದುವೆಗೆ ಅಪ್ಪಣೆ ಬೇಡಿ ಬಾಸೆಲ್ಲಿನ ಸಮಿತಿಗೆ ಬರೆದುಕೊಳ್ಳಬೇಕು. ಸಮಿತಿಯವರು ಒಪ್ಪಿದರೆ ಅನೇಕ ವೇಳೆ ಕನ್ಯೆಯನ್ನು ಹುಡುಕುವ ಹೊಣೆಯನ್ನೂ ಅವರೇ ಹೊರುತ್ತಿದ್ದರು. ವ್ಯುರ್ಟೆಂಬರ್ಗಿನ ಯಾವುದೋ ಹಳ್ಳಿಯ ದೈವಭಕ್ತ ಕುಟುಂಬಕ್ಕೆ ಒಂದು ದಿನ ಪತ್ರ ಬರುತ್ತಿತ್ತು: ಹಿಂದುಸ್ಥಾನದಲ್ಲಿ ಇಂಥವನೊಬ್ಬ ವರನಿದ್ದಾನೆ, ನಿಮ್ಮ ಮಗಳು ಒಪ್ಪುವಳೇ ಎಂದು. ಹುಡುಗಿ ಅವನ ಮುಖವನ್ನು ಕಂಡವಳಲ್ಲದಿರಬಹುದು, ಧ್ವನಿಯನ್ನು ಕೇಳಿದವಳಲ್ಲದಿರಬಹುದು. ಆದರೂ ದೇವರ ಕರೆಯೆಂದು ನಂಬಿ ಪೆಟ್ಟಿಗೆ ಕಟ್ಟಿ ಹಡಗು ಹತ್ತಿದವರು ಎಷ್ಟೋ ಮಂದಿ. ಅಂತಃಪಟ ಸರಿದ ಮೇಲೆಯೇ ಗಂಡನ ಮುಖ ಕಂಡ ನಮ್ಮ ಅಜ್ಜಿಯಂದಿರು ಇದನ್ನು ಕೇಳಿ ನಗುತ್ತಿರಲಿಲ್ಲ. ಆದರೆ ಅವರ ತವರು ಮಾತ್ರ ಕಡಲಿನ ಆಚೆಗಿರಲಿಲ್ಲ. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೆ ಮೊದಲು ಆಫ್ರಿಕವನ್ನು ಬಳಸಿ ಬರುವ ಹಡಗಿಗೆ ತಿಂಗಳುಗಳೇ ಬೇಕಾಗುತ್ತಿದ್ದವು.

ಇಂಥ ಸೊಸೆಯರಲ್ಲಿ ಪೌಲೀನೆ ಬಾಕ್‌ಮೈಸ್ಟರ್ ಒಬ್ಬಳು. ಆಕೆ ಕೈಹಿಡಿದ ಗಾಟ್‌ಫ್ರೀಡ್ ವೈಗ್ಲೆ ಮೋಗ್ಲಿಂಗರ ದಾಯಾದಿ. ಕನ್ನಡದ ಬೈಬಲಿನ ಪರಿಷ್ಕರಣದಲ್ಲಿ ದುಡಿದ ವಿದ್ವಾಂಸ. 1855ರಲ್ಲಿ ವೈಗ್ಲೆ ಅಕಾಲದಲ್ಲಿ ತೀರಿಕೊಂಡಾಗ ಪರದೇಶದಲ್ಲಿ ಮಕ್ಕಳೊಂದಿಗೆ ಪೌಲೀನೆ ಒಂಟಿಯಾದಳು. ಅಲ್ಲಿಯ ತನಕ ಬ್ರಹ್ಮಚಾರಿಯಾಗಿದ್ದ, ವಯಸ್ಸು ನಲವತ್ತನ್ನು ದಾಟಿದ್ದ ಮೋಗ್ಲಿಂಗರು ಆ ವಿಧವೆಯ ಕೈಹಿಡಿದು ಮಕ್ಕಳಿಗೆ ತಂದೆಯಾದರು. ವಿಧವಾ ವಿವಾಹದ ಕಾಯಿದೆ ನಮ್ಮ ದೇಶದಲ್ಲಿ 1856ರಲ್ಲಿ ಬಂದುದನ್ನು ನೆನೆದರೆ, ಈ ಮದುವೆಯನ್ನು ಕಂಡ ನೆರೆಯವರು ಏನೆಂದುಕೊಂಡಿರಬಹುದು ಎಂದು ಕುತೂಹಲವಾಗುತ್ತದೆ. 1860ರಲ್ಲಿ ಮೋಗ್ಲಿಂಗರು ಕೊಡಗನ್ನೂ ಕನ್ನಡವನ್ನೂ ಬಿಟ್ಟು ಸ್ವದೇಶಕ್ಕೆ ಮರಳಿದರು. ಮರಳಿದ್ದು ಪೌಲೀನೆಯ ಅನಾರೋಗ್ಯದ ನಿಮಿತ್ತವಾಗಿ. ಸಾಹಿತ್ಯ ಚರಿತ್ರೆಯಲ್ಲಿ ಆಕೆಯ ಪ್ರಸ್ತಾಪ ಬರುವುದು ಹೆಚ್ಚಾಗಿ ಈ ಒಂದು ವಾಕ್ಯದಲ್ಲಿಯೇ. ಅದೂ ಒಬ್ಬ ಮಹನೀಯರ ಕೆಲಸ ನಿಂತುದಕ್ಕೆ ಕಾರಣವಾಗಿ!

ಕಿಟ್ಟೆಲರು ವರಿಸಿದ ಪೌಲೀನೆ ಐತ್ ಮದುವೆಯಾದ ಕೆಲವೇ ವರ್ಷಗಳಲ್ಲಿ ಕಣ್ಮುಚ್ಚಿದಳು. ಅನಂತರ ಅವರು ವಿವಾಹವಾದದ್ದು ಅವಳ ಸೋದರಿ ಯೂಲಿಯನ್ನು. ಒಡಹುಟ್ಟಿದವಳು ತೀರಿಕೊಂಡ ಮನೆಗೆ ಇನ್ನೊಬ್ಬ ಮಗಳನ್ನು ಕೊಡುವ ರೂಢಿ ನಮ್ಮ ಹಳ್ಳಿಗಳಿಗೂ ಅಪರಿಚಿತವಲ್ಲ. ಒಬ್ಬಳನ್ನು ಕಳೆದುಕೊಂಡ ತಾಯಿ ಮತ್ತೊಬ್ಬಳನ್ನು ಅದೇ ಮನೆಗೆ ಕಳುಹಿಸಲು ಎಂಥ ಎದೆಗಾರಿಕೆ ಬೇಕೆಂಬುದನ್ನು ಹೆಣ್ಣು ಹೆತ್ತವರೇ ಬಲ್ಲರು.

ಈ ಹೆಂಗಸರು ಸುಮ್ಮನೆ ಕುಳಿತವರಲ್ಲ. ಹೆಣ್ಣುಮಕ್ಕಳಿಗೆ ಓದು, ಹೊಲಿಗೆ, ಕಸೂತಿಗಳನ್ನು ಕಲಿಸಿದರು, ರೋಗಿಗಳನ್ನು ನೋಡಿಕೊಂಡರು. ಅದಕ್ಕೆ ಬೇರೆ ಸಂಬಳವಿಲ್ಲ. ಗಂಡನ ಕೆಲಸದಲ್ಲಿಯೇ ಅದು ಸೇರಿಹೋಗುತ್ತಿತ್ತು.

ಆದರೆ ಅವರ ಬದುಕಿನ ಕಠಿಣ ಪರೀಕ್ಷೆ ಬಂದದ್ದು ತಾಯಂದಿರಾದ ಮೇಲೆ. ಮಿಶನ್ನಿನವರು 1853ರಲ್ಲಿ ಬಾಸೆಲ್ಲಿನಲ್ಲಿ ಮಕ್ಕಳ ಮನೆಯೊಂದನ್ನು ತೆರೆದರು. ಓದಿಗೆ ಕೂರುವ ವಯಸ್ಸಾದ ಮಕ್ಕಳನ್ನು, ಎಂದರೆ ಆರೇಳು ವರ್ಷದವರನ್ನು, ಯುರೋಪಿಗೆ ಕಳುಹಿಸಬೇಕೆಂಬ ಕಟ್ಟಳೆಯಾಯಿತು. ಕಾರಣಗಳೇನೋ ಇದ್ದವು: ಇಲ್ಲಿಯ ಜ್ವರಗಳು, ಅಲ್ಲಿಯ ವಿದ್ಯೆ, ಮಕ್ಕಳು ಈ ನೆಲದ ನಡೆನುಡಿಯನ್ನೇ ತಮ್ಮದಾಗಿಸಿಕೊಂಡಾರೆಂಬ ಭಯ. ತಾಯಿಯ ಮುಂದೆ ಉಳಿದದ್ದು ಎರಡೇ ದಾರಿ — ಮಕ್ಕಳೊಡನೆ ಹೋಗಿ ಗಂಡನನ್ನು ಬಿಡುವುದು, ಇಲ್ಲವೆ ಗಂಡನೊಡನೆ ನಿಂತು ಮಕ್ಕಳನ್ನು ಬಿಡುವುದು. ಹೆಚ್ಚಿನವರು ನಿಂತರು. ಮುಂದೆ ತಾಯ್ತನವೆಲ್ಲ ಕಾಗದದ ಮೇಲೆ! ಮಗನಿಗೆ ಜ್ವರವೆಂಬ ಸುದ್ದಿ ತಲುಪುವ ಹೊತ್ತಿಗೆ ಆ ಜ್ವರ ಇಳಿದೋ ಏರಿಯೋ ವಾರಗಳಾಗಿರುತ್ತಿದ್ದವು.

ಈ ನೋವನ್ನು ಎರಡು ಕಡೆಯಿಂದಲೂ ಉಂಡವಳು ಮಾರೀ ಗುಂಡರ್ಟ್. ಮಲಯಾಳದ ನಿಘಂಟುಕಾರರಾದ ಹೆರ್ಮನ್ ಗುಂಡರ್ಟರ ಮಗಳು. 1842ರಲ್ಲಿ ತಲಚೇರಿಯಲ್ಲಿ ಹುಟ್ಟಿದವಳು. ಮಕ್ಕಳ ಮನೆ ಏಳುವುದಕ್ಕೂ ಮೊದಲೇ, ಇನ್ನೂ ಎಳೆಗೂಸಾಗಿದ್ದಾಗ ತಾಯಿತಂದೆ ಅವಳನ್ನು ಯುರೋಪಿನಲ್ಲಿ ಬಿಟ್ಟು ಬಂದರು. ಮರಳಿ ಅವರ ಬಳಿಗೆ ಹೊರಟದ್ದು 1857ರಲ್ಲಿ, ಹದಿನೈದರ ತರುಣಿಯಾಗಿ. ಹಡಗಿನಲ್ಲಿ ಒಬ್ಬ ಆಂಗ್ಲ ತರುಣನ ಮೇಲೆ ಮನಸ್ಸಾಯಿತು. ಅವನು ಕನ್ಯಾರ್ಥಿಯಾಗಿ ಬರೆದ ಪತ್ರವನ್ನು ತಂದೆ ಅವಳಿಗೆ ತೋರಿಸದೆಯೇ ನಿರಾಕರಿಸಿದರು. ಎಳವೆಯಲ್ಲಿ ಜೊತೆಗಿರದ ತಂದೆಗೆ ಆ ಅಧಿಕಾರ ಎಲ್ಲಿಂದ ಬಂತೆಂದು ಇಂದಿನ ಓದುಗರು ಕೇಳಿದರೆ ತಪ್ಪೆನ್ನಲಾಗದು. ಮಾರೀ ನೊಂದಳು, ಆದರೆ ಎದುರಾಡಲಿಲ್ಲ. ಮುಂದೆ ಚಾರ್ಲ್ಸ್ ಇಸೆನ್‌ಬರ್ಗ್ ಎಂಬ ಪಾದ್ರಿಯ ಪತ್ನಿಯಾಗಿ ಸಿಂಧದ ಹೈದರಾಬಾದಿಗೆ ಹೋದಳು. 1870ರಲ್ಲಿ ಎರಡು ಗಂಡುಮಕ್ಕಳ ತಾಯಿಯಾದ ಆಕೆ ವಿಧವೆಯಾದಳು. ಆರೋಗ್ಯ ಕೆಟ್ಟು ಭಾರತದಿಂದ ಹಿಂದಿರುಗಿದ್ದ ಯೊಹಾನೆಸ್ ಹೆಸ್ಸೆಯನ್ನು 1874ರಲ್ಲಿ ಜರ್ಮನಿಯ ಕಾಲ್ವ್ ಪಟ್ಟಣದಲ್ಲಿ ವರಿಸಿದಳು.

1902ರಲ್ಲಿ ಆಕೆ ತೀರಿಕೊಂಡಳು. ಅವಳ ಪತ್ರಗಳನ್ನೂ ದಿನಚರಿಯನ್ನೂ ಮಗಳು ಅಡೇಲೆ 1934ರಲ್ಲಿ ಪುಸ್ತಕವಾಗಿ ಹೊರತಂದುದರಿಂದ ಅವಳ ಮನಸ್ಸು ನಮಗೆ ಇಷ್ಟಾದರೂ ಗೊತ್ತಿದೆ. ಮಗನಾದ ಹೆರ್ಮನ್ ಹೆಸ್ಸೆ 1946ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಕಾದಂಬರಿಕಾರ. ಮನೆಯಲ್ಲಿ ಕೇಳಿ ಬೆಳೆದ ಭಾರತವನ್ನು ಕಾಣಬೇಕೆಂದು ಆತ 1911ರಲ್ಲಿ ಹಡಗು ಹತ್ತಿದ. ಸಿಂಹಳವನ್ನೂ ಸುಮಾತ್ರವನ್ನೂ ನೋಡಿದ. ದಾರಿಯಲ್ಲಿ ದೇಹಸ್ಥಿತಿ ಕೆಟ್ಟು, ತಾಯಿ ಹುಟ್ಟಿದ ಮಲಬಾರಿನ ದಡವನ್ನು ಮುಟ್ಟದೆಯೇ ಹಿಂದಿರುಗಿದ.