ವೇಳಾಪಟ್ಟಿ ಏಕೆ ಮುರಿಯುತ್ತದೆ?

ಪರೀಕ್ಷೆಯು ಸಮೀಪಿಸಿತೆಂದರೆ ಅನೇಕ ಮನೆಗಳ ಗೋಡೆಯ ಮೇಲೆ ಒಂದು ವೇಳಾಪಟ್ಟಿ ಕಾಣಿಸಿಕೊಳ್ಳುತ್ತದೆ. ನಸುಕಿನ ನಾಲ್ಕಕ್ಕೆ ಏಳುವುದು, ಆರರವರೆಗೆ ಗಣಿತ, ಕಾಫಿಯಾದ ಮೇಲೆ ರಸಾಯನಶಾಸ್ತ್ರ, ರಾತ್ರಿ ಹನ್ನೊಂದರವರೆಗೆ ಇತಿಹಾಸ! ಮೂರನೆಯ ದಿನ ಮನೆಗೆ ನೆಂಟರು ಬರುತ್ತಾರೆ. ನಾಲ್ಕನೆಯ ದಿನ ತಲೆನೋವು ಬರುತ್ತದೆ. ವಾರ ತುಂಬುವುದರೊಳಗೆ ಆ ಪಟ್ಟಿಯು ಕೇವಲ ಗೋಡೆಯ ಅಲಂಕಾರವಾಗಿ ಉಳಿಯುತ್ತದೆ. ತಂದೆಯು ಮಗನನ್ನು ಸೋಮಾರಿಯೆಂದು ಜರೆಯುತ್ತಾರೆ. ಅದಕ್ಕಿಂತಲೂ ದುಃಖದ ಸಂಗತಿಯೆಂದರೆ, ಮಗನೂ ಆ ಮಾತನ್ನು ನಂಬಿಬಿಡುತ್ತಾನೆ.

ಆದರೆ ಬಹುಮಟ್ಟಿಗೆ ಇಲ್ಲಿ ತಪ್ಪಿರುವುದು ಲೆಕ್ಕ. ಬ್ಯೂಲರ್, ಗ್ರಿಫಿನ್ ಮತ್ತು ರಾಸ್ ಎಂಬ ಮನಶ್ಶಾಸ್ತ್ರಜ್ಞರು 1994ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನು ಚೆನ್ನಾಗಿ ತೋರಿಸುತ್ತದೆ. ಪದವಿಯ ಪ್ರಬಂಧವನ್ನು ಬರೆಯುತ್ತಿದ್ದ ಕೆನಡಾದ ವಿದ್ಯಾರ್ಥಿಗಳನ್ನು, ಅದು ಮುಗಿಯಲು ಎಷ್ಟು ದಿನ ಬೇಕೆಂದು ಕೇಳಲಾಯಿತು. ಅವರ ಅಂದಾಜು ಸರಾಸರಿ 34 ದಿನ. ಎಲ್ಲ ವಿಘ್ನಗಳೂ ಒಟ್ಟಿಗೆ ಒದಗಿದರೆ? ಸುಮಾರು 49 ದಿನ ಎಂದರು. ವಾಸ್ತವವಾಗಿ ಹಿಡಿದದ್ದು 55 ದಿನಗಳಿಗೂ ಹೆಚ್ಚು! ಮುಂದಿನ ಕೆಲಸವನ್ನು ಎಣಿಸುವಾಗ ಮನಸ್ಸು ನೇರವಾದ ದಾರಿಯನ್ನೇ ಕಾಣುತ್ತದೆ. ಹಿಂದೆ ಎಡವಿದ ಕಲ್ಲುಗಳನ್ನು ಮರೆಯುತ್ತದೆ.

ಆದುದರಿಂದ ಪಟ್ಟಿಯನ್ನು ಬರೆಯುವ ಮೊದಲು ಒಂದು ವಾರ, ಯಾವ ಅಧ್ಯಾಯಕ್ಕೆ ಎಷ್ಟು ಹೊತ್ತು ಹಿಡಿಯಿತೆಂಬುದನ್ನು ಗುರುತುಹಾಕಿಕೊಳ್ಳುವುದು ಲೇಸು. ಮುಂದಿನ ಪಟ್ಟಿಗೆ ಆಸೆಯ ಬದಲು ಈ ಅನುಭವವೇ ಅಳತೆಗೋಲಾಗಲಿ. ವಾರದಲ್ಲಿ ಅರ್ಧ ದಿನವಾದರೂ ಬರಿದಾಗಿರಲಿ. ನೆಂಟರಿಗೂ ತಲೆನೋವಿಗೂ ಅದು ಮೀಸಲು.

ಗುರಿಯೂ ಗಂಟೆಗಳ ಲೆಕ್ಕದಲ್ಲಿರಬಾರದು. “ಎರಡು ಗಂಟೆ ಗಣಿತ” ಎಂಬುದನ್ನು ಪುಸ್ತಕದ ಮುಂದೆ ತೂಕಡಿಸುತ್ತಲೂ ಪೂರೈಸಬಹುದು. “ಉತ್ತರ ನೋಡದೆ ಐದು ಲೆಕ್ಕಗಳನ್ನು ಬಿಡಿಸುವುದು” ಎಂದರೆ, ಸಂಜೆಯ ವೇಳೆಗೆ ಆಯಿತೋ ಇಲ್ಲವೋ ಎಂಬುದು ತಾನಾಗಿಯೇ ತಿಳಿಯುತ್ತದೆ.

ಇನ್ನು ಓದನ್ನು ಹಂಚುವ ಬಗೆ. ಜರ್ಮನಿಯ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸನು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ನೆನಪಿನ ಶಕ್ತಿಯನ್ನು ಪರೀಕ್ಷಿಸಿದನು. 1885ರಲ್ಲಿ ಅವನು ಪ್ರಕಟಿಸಿದ ಫಲಿತಾಂಶವು ಗಮನಾರ್ಹವಾದುದು: ಹನ್ನೆರಡು ಗುಚ್ಛಗಳ ಸಾಲನ್ನು ಹಿಂದಿನ ಒಂದೇ ದಿನ 68 ಸಲ ಓದಿದುದರಿಂದ ದೊರೆತ ಪ್ರಯೋಜನವು, ಮೂರು ದಿನಗಳಲ್ಲಿ ಹಂಚಿ 38 ಸಲ ಓದಿದುದರಿಂದಲೇ ದೊರೆಯಿತು. ಪರೀಕ್ಷೆಯ ಹಿಂದಿನ ರಾತ್ರಿ ದೀಪ ಉರಿಸುವವನು ಹೆಚ್ಚು ಶ್ರಮಪಟ್ಟು ಕಡಿಮೆ ಪಡೆಯುತ್ತಾನೆ. ಇಂದು ಓದಿದುದನ್ನು ನಾಳೆ ಒಮ್ಮೆ, ವಾರದ ಕೊನೆಗೆ ಇನ್ನೊಮ್ಮೆ, ಪುಸ್ತಕ ಮುಚ್ಚಿ ನೆನೆದು ಬರೆಯುವವನಿಗೆ ಆ ರಾತ್ರಿ ನಿದ್ರೆಯೂ ಲಭಿಸುತ್ತದೆ.

ಇದರಲ್ಲಿ ಹಿರಿಯರ ಪಾಲೂ ಉಂಟು. ಪಟ್ಟಿಯನ್ನು ವಿದ್ಯಾರ್ಥಿಯೇ ಬರೆಯಲಿ. ಅದು ತಪ್ಪಿದ ದಿನ “ಏಕೆ ಓದಲಿಲ್ಲ?” ಎಂದು ಗದರಿಸುವುದಕ್ಕಿಂತ “ಯಾವುದಕ್ಕೆ ಹೆಚ್ಚು ಹೊತ್ತು ಹಿಡಿಯಿತಪ್ಪಾ?” ಎಂದು ಕೇಳುವುದು ಮೇಲು. ಮೊದಲ ಪ್ರಶ್ನೆಗೆ ಮಕ್ಕಳು ನೆಪವನ್ನು ಹುಡುಕುತ್ತಾರೆ. ಎರಡನೆಯದಕ್ಕೆ ಉತ್ತರವನ್ನು ಹುಡುಕುತ್ತಾರೆ. ಪಟ್ಟಿಯು ಮುರಿದರೆ ಮತ್ತೊಂದನ್ನು ಬರೆಯಬಹುದು; ತನ್ನಿಂದಾಗದೆಂಬ ಭಾವನೆ ಎಳೆಯ ಮನಸ್ಸಿನಲ್ಲಿ ಬೇರೂರಿದರೆ ಅದನ್ನು ಕೀಳುವುದು ಸುಲಭವಲ್ಲ.