ಎದೆಬಡಿತದ ಕರೆಂಟಿಗೆ ಬೆಲೆ ಎಷ್ಟು?

ಸೈನ್ಸ್ ವಿಷಯ ಕಾಮರ್ಸ್‌ನವರಿಗೆ ಯಾಕೆ ಎಂದು ನಮ್ಮ ಕಾಲೇಜಿನಲ್ಲಿ ಕೇಳುವವರಿದ್ದಾರೆ. ಅವರಿಗಾಗಿಯೇ ಒಂದು ಪ್ಲಾಸ್ಟಿಕ್ ಹಾಳೆಯ ಬಗ್ಗೆ ಬರೆಯುತ್ತಿದ್ದೇನೆ. ಅದರ ಹೆಸರು ಪಿವಿಡಿಎಫ್. ಇದನ್ನು ಒತ್ತಿದರೆ ಅಥವಾ ಬಗ್ಗಿಸಿದರೆ ಸ್ವಲ್ಪ ವಿದ್ಯುತ್ ಹುಟ್ಟುತ್ತದೆ.

ಒತ್ತಿದಾಗ ವಿದ್ಯುತ್ ಕೊಡುವ ಗುಣಕ್ಕೆ ಪೀಜೋ ಎಲೆಕ್ಟ್ರಿಕ್ ಗುಣ ಎನ್ನುತ್ತಾರೆ. 1880ರಲ್ಲಿ ಫ್ರಾನ್ಸಿನ ಜಾಕ್ ಮತ್ತು ಪಿಯರ್ ಕ್ಯೂರಿ ಸಹೋದರರು ಇದನ್ನು ಸ್ಫಟಿಕಗಳಲ್ಲಿ ಕಂಡುಹಿಡಿದರು. ಅಡುಗೆಮನೆಯ ಗ್ಯಾಸ್ ಲೈಟರ್ ಕಿಡಿ ಕೊಡುವುದೂ ಇದರಿಂದಲೇ. ಆದರೆ ಸ್ಫಟಿಕ, ಸೆರಾಮಿಕ್‌ಗಳು ಗಡುಸು; ಬಗ್ಗಿಸಿದರೆ ಒಡೆಯುತ್ತವೆ. ಹೆಚ್ಚು ಬಳಕೆಯಲ್ಲಿರುವ ಪಿಜೆಡ್‌ಟಿ ಎಂಬ ಸೆರಾಮಿಕ್‌ನಲ್ಲಿ ವಿಷಕಾರಿ ಸೀಸವೂ ಇದೆ. 1969ರಲ್ಲಿ ಜಪಾನಿನ ಹೈಜಿ ಕವಾಯ್ ಅವರು, ಪಿವಿಡಿಎಫ್ ಹಾಳೆಯನ್ನು ಎಳೆದು ಬಲವಾದ ವಿದ್ಯುತ್ ಕ್ಷೇತ್ರದಲ್ಲಿಟ್ಟರೆ ಅದಕ್ಕೂ ಈ ಗುಣ ಬರುತ್ತದೆ ಎಂದು ತೋರಿಸಿದರು. ಬಗ್ಗುವ ವಸ್ತುವಾದ್ದರಿಂದ ಮೈಮೇಲೆ ಅಂಟಿಸಬಹುದು, ಮುಂದೊಂದು ದಿನ ಮೈಯೊಳಗೂ ಇಡಬಹುದು ಎಂಬ ಆಸೆ ಹುಟ್ಟಿತು.

ಮೈಯೊಳಗೆ ಇಡುವುದು ಯಾಕೆ? ಪೇಸ್‌ಮೇಕರ್ ನೋಡಿ. ಅದರ ಬ್ಯಾಟರಿ ಮುಗಿದರೆ ಬ್ಯಾಟರಿಯನ್ನಷ್ಟೇ ಬದಲಿಸಲು ಬರುವುದಿಲ್ಲ. ಎದೆಯ ಚರ್ಮ ಕೊಯ್ದು ಇಡೀ ಡಬ್ಬಿಯನ್ನೇ ಬದಲಿಸಬೇಕು. ಪ್ರತಿ ಸಲವೂ ಸೋಂಕಿನ ಭಯ. 1958ರಲ್ಲಿ ಸ್ವೀಡನ್ನಿನ ಆರ್ನೆ ಲಾರ್ಸನ್ ಅವರಿಗೆ ಮೊದಲ ಬಾರಿ ದೇಹದೊಳಗೆ ಪೇಸ್‌ಮೇಕರ್ ಇಟ್ಟರು. 2001ರಲ್ಲಿ ತೀರಿಕೊಳ್ಳುವಷ್ಟರಲ್ಲಿ ಅವರು 26 ಪೇಸ್‌ಮೇಕರ್ ಬಳಸಿದ್ದರು. ಈಗಿನವು ಹೆಚ್ಚು ವರ್ಷ ಬಾಳುತ್ತವೆ, ಆದರೂ ಬದಲಿಸುವುದು ತಪ್ಪಿಲ್ಲ. ನಮ್ಮ ನಾನಿಗೆ ಎರಡನೇ ಸಲ ಹಾಕಿಸಿದಾಗ ಬಸ್ಸಿನ ಖರ್ಚು, ಮಾಮು ಅಂಗಡಿ ಮುಚ್ಚಿದ ದಿನಗಳ ನಷ್ಟ ಯಾವ ಬಿಲ್ಲಿನಲ್ಲೂ ಬರಲಿಲ್ಲ.

ಹೃದಯದ ಬಡಿತದಿಂದಲೇ ಪೇಸ್‌ಮೇಕರಿಗೆ ವಿದ್ಯುತ್ ಸಿಕ್ಕರೆ? 2014ರಲ್ಲಿ ಅಮೆರಿಕದ ಸಂಶೋಧಕರು ತೆಳುವಾದ ಪಿಜೆಡ್‌ಟಿ ಪಟ್ಟಿಗಳನ್ನು ಬಗ್ಗುವ ಪ್ಲಾಸ್ಟಿಕ್‌ನಲ್ಲಿ ಅಡಕ ಮಾಡಿ, ಹಸು, ಕುರಿಗಳ ಹೃದಯದ ಮೇಲಿಟ್ಟು ವಿದ್ಯುತ್ ಪಡೆದರು. ಸೀಸವಿಲ್ಲದ ಪಿವಿಡಿಎಫ್‌ನಿಂದ ಇದೇ ಕೆಲಸ ಆಗಬೇಕೆಂದರೆ ತೊಡಕಿದೆ: ಅಷ್ಟೇ ಒತ್ತಡಕ್ಕೆ ಅದು ಕೊಡುವ ವಿದ್ಯುತ್ ಚಾರ್ಜ್ ಪಿಜೆಡ್‌ಟಿಯ ಸುಮಾರು ಹತ್ತರಲ್ಲೊಂದು ಪಾಲು, ಕೆಲವೊಮ್ಮೆ ಅದಕ್ಕೂ ಕಡಿಮೆ. ಹಾಗಾಗಿ ಸದ್ಯಕ್ಕೆ ಅದು ನಾಡಿ, ಉಸಿರಾಟ ಅಳೆಯುವ ಸೆನ್ಸರ್ ಆಗಿಯೇ ಹೆಚ್ಚು ಉಪಯುಕ್ತ.

ಇಲ್ಲಿಂದ ಮುಂದಿನದು ನಮ್ಮ ಲೆಕ್ಕ. ಉದಾಹರಣೆಗೆ, ಹತ್ತು ವರ್ಷ ಬಾಳುವ ಸಾಧನಕ್ಕೆ ಒಂದು ಲಕ್ಷ ಎಂದುಕೊಳ್ಳಿ. ಮೂವತ್ತು ವರ್ಷಕ್ಕೆ ಮೂರು ಲಕ್ಷ. ಮೂವತ್ತು ವರ್ಷ ಬಾಳುವ ಹೊಸ ಸಾಧನಕ್ಕೆ ಎರಡೂವರೆ ಲಕ್ಷವಾದರೂ ಅದೇ ಅಗ್ಗ. ಆದರೆ ಒಂದೇ ದಿನ ಎರಡೂವರೆ ಲಕ್ಷ ಎಣಿಸುವ ಶಕ್ತಿ ಎಷ್ಟು ಮನೆಗಳಿಗಿದೆ? ಸಾಲ ಮಾಡಿದರೆ ಬಡ್ಡಿ. ಬಡ್ಡಿ ಬೇಡ ಎನ್ನುವ ಮನೆಗಳಿಗೆ ಆ ದಾರಿಯೂ ಇಲ್ಲ. ಕೊನೆಗೆ ಉಳ್ಳವರು ಅಗ್ಗದ್ದನ್ನು ಕೊಳ್ಳುತ್ತಾರೆ, ಇಲ್ಲದವರು ಮೂರು ಸಲ ಕೊಯ್ಸಿಕೊಂಡು ಹೆಚ್ಚು ಕೊಡುತ್ತಾರೆ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: ಇಂಥ ಸಾಧನ ಬಂದಾಗ ಆರೋಗ್ಯ ಕರ್ನಾಟಕದಂಥ ಸರ್ಕಾರಿ ಯೋಜನೆಗಳು ಮೊದಲ ದಿನದ ಬೆಲೆ ನೋಡದೆ, ವರ್ಷಕ್ಕೆ ಬೀಳುವ ವೆಚ್ಚ ನೋಡಿ ಹಣ ಕೊಡಬೇಕು. ವಸ್ತು ಇನ್ನೂ ಲ್ಯಾಬಿನಲ್ಲಿದೆ, ಈಗಲೇ ಬೆಲೆಯ ಮಾತೇಕೆ ಎನ್ನಬಹುದು. ಹೃದಯದ ಸ್ಟೆಂಟ್‌ಗಳು ಎಷ್ಟೋ ವರ್ಷ ಮಾರಾಟವಾದ ಮೇಲೆ, 2017ರಲ್ಲಿ, ಸರ್ಕಾರ ಗರಿಷ್ಠ ಬೆಲೆ ಕಟ್ಟಿತು. ಔಷಧ ಲೇಪಿತ ಸ್ಟೆಂಟ್‌ಗೆ 29,600 ರೂಪಾಯಿ. ಅದಕ್ಕೂ ಮೊದಲು ದುಬಾರಿ ಬೆಲೆ ತೆತ್ತವರಿಗೆ ಏನು ಸಿಕ್ಕಿತು? ಬೆಲೆ ತೀರಾ ಇಳಿಸಿದರೆ ಕಂಪನಿಗಳು ಹೊಸ ಮಾದರಿ ತರುವುದಿಲ್ಲ ಎಂಬ ವಾದದಲ್ಲೂ ಹುರುಳಿದೆ. ಆಗ ಕೆಲವು ಕಂಪನಿಗಳು ತಮ್ಮ ಸ್ಟೆಂಟ್ ಹಿಂಪಡೆಯಲು ಅನುಮತಿ ಕೇಳಿದ್ದವು. ಅದಕ್ಕಾಗಿಯೇ ಲೆಕ್ಕ ಮೊದಲೇ ಆಗಬೇಕು.

ನಮ್ಮಿಂದಲೂ ಶುರುವಾಗಲಿ. ಮುಂದಿನ ವಿಜ್ಞಾನ ಪ್ರದರ್ಶನದಲ್ಲಿ ಪ್ರತಿ ಮಾದರಿಯ ಪಕ್ಕದಲ್ಲಿ ವೆಚ್ಚದ ಪಟ್ಟಿಯೊಂದಿರಲಿ. ಮಾದರಿ ಸೈನ್ಸ್‌ನವರು ಮಾಡಲಿ, ಪಟ್ಟಿ ನಾವು ಬರೆಯುತ್ತೇವೆ. ಉಪನ್ಯಾಸಕರು ಒಪ್ಪಿಗೆ ಕೊಡಬೇಕೆಂದು ಕೋರುತ್ತೇನೆ.