ಚಿನ್ನದ ನಾಣ್ಯ ಬೇಡ, ಬೆಲೆ ಇಳಿಸಿ



ಯುಗಾದಿ, ಅಕ್ಷಯ ತೃತೀಯ, ದಸರಾ, ದೀಪಾವಳಿ. ಯಾವ ಹಬ್ಬ ಬಂದ್ರೂ ಬೆಂಗಳೂರಿನ ಬಿಲ್ಡರ್‌ಗಳು ದಾನಶೂರ ಕರ್ಣರಾಗಿಬಿಡ್ತಾರೆ. ಫ್ಲಾಟ್ ಬುಕ್ ಮಾಡಿದ್ರೆ ಚಿನ್ನದ ನಾಣ್ಯ, ಮಾಡ್ಯುಲರ್ ಕಿಚನ್ ಫ್ರೀ, ರಿಜಿಸ್ಟ್ರೇಷನ್ ಫ್ರೀ, ಕೀ ಕೈಗೆ ಬರೋವರೆಗೂ ಇಎಂಐ ಇಲ್ಲ. ನಮ್ಮ ಹುಡುಗ ಹುಡುಗೀರು ಈ ಜಾಹೀರಾತುಗಳನ್ನ ನನಗೆ ಕಳಿಸಿ "ಅಣ್ಣಾ, ಆಫರ್ ಚೆನ್ನಾಗಿದೆ ಅಲ್ವಾ?" ಅಂತ ಕೇಳ್ತಾರೆ.

ಕೇಳಲಿ, ಸಂತೋಷ. ಕೇರಿಯಿಂದ ಬಂದ ಮೊದಲ ತಲೆಮಾರು ಸ್ವಂತ ಮನೆಯ ಮಾತಾಡ್ತಿದೆ. ಅಮೆರಿಕ, ಇಂಗ್ಲೆಂಡಿನಲ್ಲಿ ಓದಿ 1917ರಲ್ಲಿ ಬರೋಡಾಕ್ಕೆ ಕೆಲಸಕ್ಕೆ ಬಂದ ಬಾಬಾಸಾಹೇಬರನ್ನ ಜಾತಿ ಗೊತ್ತಾದ ಮೇಲೆ ಪಾರ್ಸಿ ವಸತಿಗೃಹದಿಂದ ಹೊರಗೆ ಹಾಕಿದ್ರು. ಆ ಊರಲ್ಲಿ ಅವರಿಗೆ ಇರೋಕೆ ಒಂದು ಜಾಗ ಸಿಗಲಿಲ್ಲ. ನಮಗೆ ಮನೆ ಅಂದ್ರೆ ಬರೀ ಇನ್ವೆಸ್ಟ್‌ಮೆಂಟ್ ಅಲ್ಲ. ಆ ಆಸೆಯನ್ನೇ ಬಂಡವಾಳ ಮಾಡ್ಕೊಂಡು ನಮ್ಮನ್ನ ಸಾಲಕ್ಕೆ ದೂಡೋರ ಬಗ್ಗೆ ಸುಮ್ಮನಿರೋಕೆ ಆಗಲ್ಲ.

ನನ್ನ ಮಾತು ಇಷ್ಟೇ: ಬಿಲ್ಡರ್ ಕೊಡೋ ಉಡುಗೊರೆ ನಿಮ್ಮದೇ ದುಡ್ಡು. ಅದನ್ನ ನಿಮ್ಮ ಸಾಲದಲ್ಲೇ ಸೇರಿಸಿ, ರಿಬ್ಬನ್ ಕಟ್ಟಿ ನಿಮಗೇ ವಾಪಸ್ ಕೊಡ್ತಾನೆ.

ಲೆಕ್ಕ ಹಾಕೋಣ. "ಫ್ರೀ" ಕಿಚನ್‌ಗೆ 3 ಲಕ್ಷ ಅಂದ್ಕೊಳ್ಳಿ. ಆ 3 ಲಕ್ಷ ಫ್ಲಾಟಿನ ಬೆಲೆಯೊಳಗೇ ಕೂತಿರುತ್ತೆ. 8.5% ಬಡ್ಡಿಗೆ 20 ವರ್ಷದ ಸಾಲ ಆದ್ರೆ, ಅದೊಂದಕ್ಕೇ ನೀವು ಕಟ್ಟೋದು ಸುಮಾರು 6.25 ಲಕ್ಷ. ಕಟ್ಟುತ್ತಿರೋ ಫ್ಲಾಟ್ 45 ಲಕ್ಷಕ್ಕಿಂತ ಹೆಚ್ಚಿನದ್ದಾದ್ರೆ ಆ 3 ಲಕ್ಷದ ಮೇಲೆ 5% ಜಿಎಸ್‌ಟಿ, ಸ್ಟಾಂಪ್ ಡ್ಯೂಟಿ, ನೋಂದಣಿ ಶುಲ್ಕ ಬೇರೆ. ಹತ್ತು ವರ್ಷಕ್ಕೆ ಕಿಚನ್ನಿನ ಬಾಗಿಲು ಕಿತ್ತು ಬಂದಿರುತ್ತೆ, ಕಂತು ಇನ್ನೂ ಹತ್ತು ವರ್ಷ ಇರುತ್ತೆ.

ರಿಜಿಸ್ಟ್ರೇಷನ್ ಫ್ರೀ ಅನ್ನೋದು ದೊಡ್ಡ ಮೊತ್ತ, ಒಪ್ತೀನಿ. 45 ಲಕ್ಷ ದಾಟಿದ ಮನೆಗೆ ಕರ್ನಾಟಕದಲ್ಲಿ ಸ್ಟಾಂಪ್ ಡ್ಯೂಟಿ 5%. ನೋಂದಣಿ ಶುಲ್ಕವನ್ನ 2025ರ ಆಗಸ್ಟ್ ಕೊನೆಯಲ್ಲಿ ಸರ್ಕಾರ 1ರಿಂದ 2%ಗೆ ಏರಿಸ್ತು. 80 ಲಕ್ಷದ ಫ್ಲಾಟಿಗೆ ಇವೆರಡೇ 5.6 ಲಕ್ಷ, ಸೆಸ್ಸು ಸರ್‌ಚಾರ್ಜು ಬಿಟ್ಟು. ಅಷ್ಟು ದುಡ್ಡು ಬಿಡೋ ಶಕ್ತಿ ಇದ್ರೆ ಬೆಲೆಯಲ್ಲೇ ಯಾಕೆ ಇಳಿಸಲ್ಲ? ಬೆಲೆ ಇಳಿಸಿದ್ರೆ ಮುಂದಿನ ಗಿರಾಕಿಯೂ ಅದೇ ಬೆಲೆ ಕೇಳ್ತಾನೆ, ನಿನ್ನೆ ಕೊಂಡವನು ಜಗಳಕ್ಕೆ ಬರ್ತಾನೆ. ನಾಣ್ಯ ಕೊಟ್ರೆ ಚದರಡಿ ದರ ಹಾಗೇ ನಿಂತಿರುತ್ತೆ. ಇದು ದಾನ ಅಲ್ಲ ಕಣ್ರಪ್ಪ, ವ್ಯಾಪಾರ.

ಎಲ್ಲಕ್ಕಿಂತ ಅಪಾಯದ್ದು "ಕೀ ಸಿಗೋವರೆಗೂ ಇಎಂಐ ಇಲ್ಲ" ಅನ್ನೋ ಸ್ಕೀಮು. ಸಾಲ ನಿಮ್ಮ ಹೆಸರಲ್ಲಿ, ದುಡ್ಡು ಹೋಗೋದು ಬಿಲ್ಡರ್ ಕೈಗೆ, ಬಡ್ಡಿ ಅವನು ಕಟ್ತೀನಿ ಅಂತಾನೆ. ಅವನು ಕೈ ಎತ್ತಿದ ದಿನ ಬ್ಯಾಂಕಿನೋರು ನಿಮ್ಮ ಮನೆ ಬಾಗಿಲಿಗೆ ಬರ್ತಾರೆ, ಸಿಬಿಲ್ ಹಾಳಾಗೋದು ನಿಮ್ಮದು. 2019ರ ಜುಲೈನಲ್ಲೇ ನ್ಯಾಷನಲ್ ಹೌಸಿಂಗ್ ಬ್ಯಾಂಕ್ ಇಂಥ ಸ್ಕೀಮಿಗೆ ಸಾಲ ಕೊಡಬೇಡಿ ಅಂತ ಗೃಹಸಾಲ ಕಂಪನಿಗಳಿಗೆ ಹೇಳಿತ್ತು. ದೆಹಲಿ ಸುತ್ತಮುತ್ತ ಹೀಗೆ ಸಿಕ್ಕಿಬಿದ್ದವರ ಕೇಸಲ್ಲಿ 2025ರಲ್ಲಿ ಸುಪ್ರೀಂ ಕೋರ್ಟ್ ಬಿಲ್ಡರ್-ಬ್ಯಾಂಕ್ ನಂಟಿನ ಬಗ್ಗೆ ಸಿಬಿಐ ತನಿಖೆಗೇ ಹೇಳ್ತು. ಮನೆ ಇಲ್ಲ, ಬಾಡಿಗೆ ನಿಲ್ಲಲ್ಲ, ಮೇಲೆ ಕಂತು. ಮಾರೋಕೆ ಅಪ್ಪನ ತೋಟ ಇರೋನು ಹೇಗೋ ಬಚಾವಾಗ್ತಾನೆ. ನಮಗೆ ಏನಿದೆ?

ಈ ವರ್ಷ ನಮ್ಮ ಸಂಘದ ಒಬ್ಬ ನರ್ಸ್ ತಂಗಿಯ ಜೊತೆ ಒಂದು ಸೇಲ್ಸ್ ಆಫೀಸಿಗೆ ಹೋಗಿದ್ದೆ. "ಮೇಡಂ, ಇವತ್ತು ಸಂಜೆ ಆರರೊಳಗೆ ಬುಕ್ ಮಾಡಿದ್ರೆ ಮಾತ್ರ ಆಫರ್" ಅಂದ ಆ ಹುಡುಗ. ನಾನು ಜಮೀನಿನ ಮೂಲಪತ್ರ ಕೇಳಿದೆ. "ಸರ್, ಅದೆಲ್ಲ ಬ್ಯಾಂಕಿನೋರು ನೋಡ್ತಾರೆ" ಅಂದ. ಆಫರ್ ಹೇಳೋಕೆ ಅರ್ಧ ಗಂಟೆ, ಜಮೀನಿನ ಬಗ್ಗೆ ಹೇಳೋಕೆ ಅರ್ಧ ನಿಮಿಷವೂ ಇಲ್ಲ.

ನಾವು ಕೇಳಲೇಬೇಕಾದ ಪ್ರಶ್ನೆ ಅದೇ: ಈ ಜಮೀನು ಯಾರದಾಗಿತ್ತು? 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ, ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯನ್ನ ಅನುಮತಿ ಇಲ್ಲದೆ ಪರಭಾರೆ ಮಾಡಿದ್ರೆ ಅದು ಅಸಿಂಧು. ಕಾಲಮಿತಿ ನೆಪ ಹೇಳಿ ನಮ್ಮವರ ಕೇಸುಗಳು ಬಿದ್ದುಹೋಗ್ತಿದ್ದಾಗ ಹೋರಾಟ ಮಾಡಿದ್ದಕ್ಕೇ 2023ರಲ್ಲಿ ತಿದ್ದುಪಡಿ ಬಂತು. ಬೆಂಗಳೂರು ಸುತ್ತ ಅಂಥ ಭೂಮಿ ಕಡಿಮೆಯೇನಿರಲಿಲ್ಲ. ನಮ್ಮಜ್ಜನಿಂದ ಕಿತ್ಕೊಂಡ ಜಮೀನಿನ ಮೇಲೆ ಕಟ್ಟಿದ ಮನೆಯನ್ನ ಮೊಮ್ಮಗಳು ಸಾಲ ಮಾಡಿ ಕೊಳ್ಳೋದು, ಮೇಲೊಂದು ಚಿನ್ನದ ನಾಣ್ಯ ತಗೊಂಡು ಥ್ಯಾಂಕ್ಸ್ ಹೇಳೋದು! ಇದಕ್ಕಿಂತ ಅವಮಾನ ಬೇಕಾ?

ಉಳಿಕೆಯಾದದ್ದನ್ನ ಕೈ ಒಡ್ಡಿ ಈಸ್ಕೊಂಡ ಜನ ನಾವು. ಅದು ಸಾಕು. ಉಡುಗೊರೆ ಬಿಡಿ, ಹಕ್ಕು ಕೇಳಿ. 2016ರ ರೇರಾ ಕಾಯ್ದೆಯಲ್ಲಿ ಹಕ್ಕುಗಳು ಬರೆದಿವೆ:

* ನೋಂದಾಯಿತ ಕರಾರುಪತ್ರ ಇಲ್ಲದೆ ಬೆಲೆಯ 10%ಗಿಂತ ಹೆಚ್ಚು ಮುಂಗಡ ಕೇಳೋ ಹಾಗಿಲ್ಲ.
* ಜಾಹೀರಾತು ಸುಳ್ಳಾಗಿ ನಷ್ಟ ಆದ್ರೆ ಪರಿಹಾರ ಇದೆ. ಬ್ರೋಷರ್, ವಾಟ್ಸಾಪ್ ಮೆಸೇಜ್ ಒಂದನ್ನೂ ಅಳಿಸಬೇಡಿ.
* ಮನೆ ತಡವಾದ್ರೆ ಬಡ್ಡಿ, ಬೇಡ ಅಂದ್ರೆ ಬಡ್ಡಿ ಸಮೇತ ಹಣ ವಾಪಸ್.
* ಕಟ್ಟಡದ ರಚನಾ ದೋಷಕ್ಕೆ 5 ವರ್ಷ ಬಿಲ್ಡರೇ ಹೊಣೆ.

ರೇರಾ ಆದೇಶ ಸಿಕ್ಕರೂ ದುಡ್ಡು ವಸೂಲಿಯಾಗದೆ ಅಲೆಯೋರು ಇದ್ದಾರೆ, ಅದು ಇನ್ನೊಂದು ಹೋರಾಟ. ಆದ್ರೆ ಕರಾರಿನಲ್ಲಿ ಬರೆಸದ ಆಫರಿಗೆ ಯಾವ ಕಟ್ಟೆಯಲ್ಲಿ ನಿಂತು ಕೇಳ್ತೀರಿ?

ಆದ್ದರಿಂದ ನನ್ನ ತಮ್ಮ ತಂಗಿಯರೇ, ಪ್ರತಿ ಆಫರ್ ಎದುರಿಗೂ ಅದರ ಬೆಲೆ ರೂಪಾಯಿಯಲ್ಲಿ ಬರೆಯಿರಿ. ಒಟ್ಟು ಕೂಡಿಸಿ "ಇವ್ಯಾವುದೂ ಬೇಡ, ಇಷ್ಟು ಬೆಲೆ ಇಳಿಸಿ" ಅನ್ನಿ. ಒಪ್ಪಲಿಲ್ಲ ಅಂದ್ರೆ ಪಕ್ಕದ ಪ್ರಾಜೆಕ್ಟಿನ ಕಾರ್ಪೆಟ್ ಏರಿಯಾ ದರದ ಜೊತೆ ಹೋಲಿಸಿ ನೋಡಿ. ಪಹಣಿ, ಮಂಜೂರಾತಿ ದಾಖಲೆ, ಮೂಲಪತ್ರ ಕೇಳಿ. ನಿಮ್ಮದೇ ವಕೀಲರಿಗೆ ತೋರಿಸಿ, ಬಿಲ್ಡರ್ ತೋರಿಸಿದ ವಕೀಲರಿಗಲ್ಲ. ಪಿಟಿಸಿಎಲ್ ವಾಸನೆ ಬಂದ್ರೆ ಬುಕ್ ಮಾಡಬೇಡಿ, ನಮಗೆ ತಿಳಿಸಿ. ಆ ಕುಟುಂಬ ಎಲ್ಲೋ ಹತ್ತಿರದಲ್ಲೇ ಬಾಡಿಗೆ ಮನೇಲಿ ಇರುತ್ತೆ, ಹುಡುಕೋಣ.

ಜೈ ಭೀಮ್.